ಬೋರಿನೊಳಗೆ ಇಂಡಕ್ಷನ್ ಲಾಗ್ ಮಾಡುವುದು ಹೇಗೆ: ಕಲ್ಲು ನೋಡಿ ಅಲೆ ಆರಿಸಿ

ಬೋರು ಕೊರೆಸುವ ಮುಂಚೆ ನಮ್ಮ ಕಡೆ ಪಾಯಿಂಟ್ ಮಾಡಿಸುತ್ತಾರಲ್ಲ, ನೆಲಕ್ಕೆ ನಾಲ್ಕು ಗೂಟ ಹೊಡೆದು ವೈರ್ ಎಳೆದು ಮೀಟರ್ ಓದುವ ಸರ್ವೆ, ಅದು ಅಳೆಯುವುದು ನೆಲದಡಿಯ ರೆಸಿಸ್ಟಿವಿಟಿಯನ್ನೇ, ಅಂದರೆ ಕಲ್ಲು-ಮಣ್ಣು ಕರೆಂಟ್‌ಗೆ ಎಷ್ಟು ತಡೆ ಒಡ್ಡುತ್ತದೆ ಅನ್ನುವುದನ್ನು. ಆದರೆ ಮೇಲೆ ನಿಂತು ಅಳೆದರೆ ಆಳಕ್ಕೆ ಹೋದಷ್ಟೂ ಚಿತ್ರ ಮಸುಕಾಗುತ್ತದೆ. 100 ಮೀಟರ್ ಕೆಳಗಿರುವ ಅರ್ಧ ಮೀಟರ್ ದಪ್ಪದ ಬಿರುಕು ಮೇಲಿನಿಂದ ಕಾಣುವುದೇ ಇಲ್ಲ. ಬೋರು ಕೊರೆದಾಗಿದೆ ಅಂದರೆ ಮೀಟರನ್ನೇ ಒಳಗೆ ಇಳಿಸಬಹುದು. ಇಳಿಸುವ ಮೀಟರಿಗೆ ಟೂಲ್ ಅನ್ನುತ್ತಾರೆ, ಆಳ ಆಳಕ್ಕೂ ಓದಿ ಬರೆದಿಟ್ಟದ್ದಕ್ಕೆ ಲಾಗ್. ಇಲ್ಲಿ ಹೇಳುವುದು ಆ ಕೆಲಸವನ್ನು, ಅದರಲ್ಲೂ ಗೂಟದ ಹಂಗಿಲ್ಲದೆ ವಿದ್ಯುತ್ಕಾಂತ ಅಲೆ ಬಿಟ್ಟು ಅಳೆಯುವ ವಿಧಾನವನ್ನು.

ಶುರು ಮಾಡುವ ಮುಂಚೆಯೇ ಒಂದು ಮಾತು. ಈ ಕೆಲಸದಲ್ಲಿ ಅರ್ಧಕ್ಕರ್ಧ ಲಾಗ್‌ಗಳು ಕೆಡುವುದು ಟೂಲ್ ಇಳಿಸುವಾಗ ಅಲ್ಲ, ಯಾವ ಟೂಲ್ ಅಂತ ತೀರ್ಮಾನ ಮಾಡುವಾಗ. ಎಲ್ಲ ಕಲ್ಲಿಗೂ ಒಂದೇ ಅಲೆ ನಡೆಯುವುದಿಲ್ಲ. ಹಾಗಾಗಿ ಮೊದಲು ಕಲ್ಲಿನ ಲೆಕ್ಕ, ಆಮೇಲೆ ಟೂಲ್.

ಒಳಗೆ ನಡೆಯುವುದೇನು

1927ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನ ಪೆಷೆಲ್‌ಬ್ರಾನ್ ಎಣ್ಣೆ ಬಾವಿಯಲ್ಲಿ ಮೊದಲ ಎಲೆಕ್ಟ್ರಿಕ್ ಲಾಗ್ ಮಾಡಿದರು. ಶ್ಲಂಬರ್ಜೆ ಅಣ್ಣ-ತಮ್ಮಂದಿರ ಕಂಪನಿ, ಟೂಲ್ ಇಳಿಸಿದ ತಂಡದಲ್ಲಿದ್ದವರು ಹೆನ್ರಿ ಡಾಲ್. ಅದರಲ್ಲಿ ಎಲೆಕ್ಟ್ರೋಡ್‌ಗಳು ಬಾವಿಯೊಳಗಿನ ಕೆಸರುನೀರಿನ ಮೂಲಕ ಕಲ್ಲಿಗೆ ಕರೆಂಟ್ ಹರಿಸಬೇಕಿತ್ತು. ಮುಂದೆ ಎಣ್ಣೆಯನ್ನೇ ಬೆರೆಸಿದ ಡ್ರಿಲ್ಲಿಂಗ್ ಮಡ್ ಬಂತು. ಎಣ್ಣೆಯಲ್ಲಿ ಕರೆಂಟ್ ಹರಿಯಲ್ಲ, ಎಲೆಕ್ಟ್ರೋಡ್ ಕೈಕೊಟ್ಟಿತು. ಆಗ ಅದೇ ಡಾಲ್ 1949ರಲ್ಲಿ ಇಂಡಕ್ಷನ್ ಲಾಗ್‌ನ ಬಗ್ಗೆ ಬರೆದರು. ಕಲ್ಲನ್ನು ಮುಟ್ಟಲೇಬೇಕಾಗಿಲ್ಲ, ಕಾಯಿಲ್‌ನಿಂದ ಅಲೆ ಬಿಟ್ಟರೆ ಸಾಕು ಅನ್ನುವುದು ಅದರ ತಿರುಳು.

ಅಡುಗೆಮನೆಯ ಇಂಡಕ್ಷನ್ ಸ್ಟೌ ನೆನಪಿಸಿಕೊಳ್ಳಿ. ಗಾಜಿನ ಕೆಳಗೆ ಕಾಯಿಲ್, ಅದರಲ್ಲಿ ಕೆಲವು ಹತ್ತು ಕಿಲೋಹರ್ಟ್ಸ್ ಕರೆಂಟ್, ಮೇಲಿಟ್ಟ ಪಾತ್ರೆಯ ತಳದಲ್ಲಿ ಸುತ್ತು ಕರೆಂಟ್ ಹುಟ್ಟಿ ಬಿಸಿ. ಬೋರಿನ ಟೂಲ್‌ನಲ್ಲೂ ಹೆಚ್ಚುಕಡಿಮೆ ಅದೇ ಫ್ರೀಕ್ವೆನ್ಸಿ. ಟ್ರಾನ್ಸ್‌ಮಿಟರ್ ಕಾಯಿಲ್ ಸುತ್ತಲಿನ ಕಲ್ಲಿನಲ್ಲಿ ಬಳೆಯಾಕಾರದ ಕರೆಂಟ್ ಎಬ್ಬಿಸುತ್ತದೆ, ಕಲ್ಲು ಬಿಸಿಯಾಗುವಷ್ಟೇನೂ ಅಲ್ಲ, ತೀರಾ ಸಣ್ಣದು. ಆ ಕರೆಂಟ್ ತನ್ನದೇ ಒಂದು ಕಾಂತಕ್ಷೇತ್ರ ಹುಟ್ಟಿಸುತ್ತದೆ. ಸ್ವಲ್ಪ ದೂರದಲ್ಲಿರುವ ರಿಸೀವರ್ ಕಾಯಿಲ್ ಅದನ್ನು ಹಿಡಿಯುತ್ತದೆ. ಕಲ್ಲಿನಲ್ಲಿ ಕರೆಂಟ್ ಚೆನ್ನಾಗಿ ಹರಿದರೆ ಸಿಗ್ನಲ್ ಜಾಸ್ತಿ, ಹರಿಯದಿದ್ದರೆ ಕಡಿಮೆ. ಟ್ರಾನ್ಸ್‌ಮಿಟರ್‌ನಿಂದ ನೇರವಾಗಿ ಬರುವ ಸಿಗ್ನಲ್ ಇದಕ್ಕಿಂತ ಬಹಳ ದೊಡ್ಡದು, ಅದನ್ನು ತೆಗೆದುಹಾಕಲು ಎದುರು ಸುತ್ತಿದ ಇನ್ನೊಂದು ಕಾಯಿಲ್ ಇರುತ್ತದೆ. ಉಳಿದದ್ದರಲ್ಲಿ 90 ಡಿಗ್ರಿ ಫೇಸ್ ಸರಿದ ಭಾಗವನ್ನು, ಅಂದರೆ ಅಲೆಯ ಏರಿಳಿತ ಕಾಲು ಸುತ್ತು ಆಚೀಚೆಯಾದದ್ದನ್ನು, ಮಾತ್ರ ಓದುತ್ತಾರೆ. ಕಲ್ಲಿನ ಕಂಡಕ್ಟಿವಿಟಿ, ಅಂದರೆ ಕರೆಂಟ್ ಹರಿಯಬಿಡುವ ಗುಣ, ಕಾಣುವುದು ಆ ಭಾಗದಲ್ಲಿ.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣವಿದೆ. ಟೂಲ್ ನಿಜವಾಗಿ ಅಳೆಯುವುದು ಕಂಡಕ್ಟಿವಿಟಿ. ರೆಸಿಸ್ಟಿವಿಟಿ ಅದನ್ನು ತಿರುವಿ ಹಾಕಿದ ಸಂಖ್ಯೆ. ಮೀಟರಿಗೆ ಇಷ್ಟು ಮಿಲಿಸೀಮನ್ಸ್ ಅಂತ ಬಂದದ್ದರಿಂದ 1000ವನ್ನು ಭಾಗಿಸಿದರೆ ಓಮ್-ಮೀಟರ್ ಸಿಗುತ್ತದೆ. 100 ಬಂದರೆ 10 ಓಮ್-ಮೀಟರ್. 10 ಬಂದರೆ 100. 1 ಬಂದರೆ 1000 ಓಮ್-ಮೀಟರ್. ಈಗ ನೋಡಿ, ಟೂಲ್‌ನ ಸೊನ್ನೆ ಬರೀ 1 ಮಿಲಿಸೀಮನ್ಸ್ ಆಚೀಚೆ ಆದರೆ ಏನಾಗುತ್ತದೆ? 10 ಓಮ್-ಮೀಟರ್ ಇರುವ ಜೇಡಿಯಲ್ಲಿ ಅದು ಶೇ. 1ರ ತಪ್ಪು, ಯಾರಿಗೂ ಗೊತ್ತಾಗಲ್ಲ. 1000 ಓಮ್-ಮೀಟರ್ ಇರುವ ಗಟ್ಟಿ ಬಂಡೆಯಲ್ಲಿ ಅದೇ ತಪ್ಪು 500 ಅಂತಲೋ ಅನಂತ ಅಂತಲೋ ತೋರಿಸುತ್ತದೆ.

ಹಾಗಾದರೆ ಯಾವುದು ಎಲ್ಲಿಗೆ

ಒರಟು ಲೆಕ್ಕ ಇಷ್ಟು. 100-200 ಓಮ್-ಮೀಟರ್‌ವರೆಗಿನ ಜೇಡಿ, ಮರಳು, ಮರಳುಗಲ್ಲು, ಕೊಳೆತ ಕಲ್ಲು, ಉಪ್ಪುನೀರು ನುಗ್ಗಿದ ಜಾಗ, ಇವಕ್ಕೆ ಇಂಡಕ್ಷನ್ ಒಳ್ಳೆಯದು. ಒಣ ಬೋರಿನಲ್ಲೂ ನಡೆಯುತ್ತದೆ, ಪಿವಿಸಿ ಕೇಸಿಂಗ್ ಒಳಗಿನಿಂದಲೂ ನಡೆಯುತ್ತದೆ. ಎಲೆಕ್ಟ್ರೋಡ್ ಟೂಲ್‌ಗೆ ಇವೆರಡೂ ಆಗದ ಕೆಲಸ. ಅದಕ್ಕಿಂತ ಮೇಲೆ ಹೋದರೆ, ಬೋರಿನಲ್ಲಿ ನೀರಿದ್ದರೆ, ಎಲೆಕ್ಟ್ರೋಡ್ ಇರುವ ಲ್ಯಾಟರೋಲಾಗ್ ಅಥವಾ ನಾರ್ಮಲ್ ಟೂಲ್ ವಾಸಿ. ಬಾವಿಯ ಮಡ್ ತುಂಬಾ ಉಪ್ಪಾಗಿದ್ದರೂ ಲ್ಯಾಟರೋಲಾಗ್ ಕಡೆಗೇ ಹೋಗಿ, ಯಾಕಂದರೆ ಇಂಡಕ್ಷನ್‌ಗೆ ಆಗ ಮಡ್ಡೇ ಜಾಸ್ತಿ ಕಾಣುತ್ತದೆ.

ನಮ್ಮ ಬಯಲುಸೀಮೆಯ ಬೋರುಗಳ ಕಥೆ ಸ್ವಲ್ಪ ತಮಾಷೆಯಾಗಿದೆ. ಮೇಲೆ ಕೊಳೆತ ಕಲ್ಲು, ಕೆಳಗೆ ನೈಸ್ ಅಥವಾ ಗ್ರಾನೈಟ್. ಇಂಡಕ್ಷನ್ ಚೆನ್ನಾಗಿ ಕೆಲಸ ಮಾಡುವುದು ಮೇಲಿನ ಕೊಳೆತ ಪದರದಲ್ಲಿ, ಆದರೆ ಮಣ್ಣು ಕುಸಿಯದಿರಲಿ ಅಂತ ಕೇಸಿಂಗ್ ಇಳಿಸುವುದೂ ಸರಿಯಾಗಿ ಅಲ್ಲೇ. ಪಿವಿಸಿ ಪೈಪಾದರೆ ಬದುಕಿದಿರಿ. ಕಬ್ಬಿಣದ ಪೈಪಾದರೆ ಅಷ್ಟೂ ಆಳ ಏನೂ ಕಾಣಲ್ಲ, ಪೈಪಿನ ತುದಿ ದಾಟಿದ ಮೇಲೂ ಒಂದೆರಡು ಮೀಟರ್ ಓದು ಕೆಟ್ಟಿರುತ್ತದೆ. ಕೇಸಿಂಗ್ ಇಲ್ಲದ ಕೆಳಗಿನ ಗಟ್ಟಿ ಬಂಡೆಯಲ್ಲಿ ಟೂಲ್ ಸೊನ್ನೆಯ ಹತ್ತಿರ ತೆವಳುತ್ತಿರುತ್ತದೆ. ಅಲ್ಲಿ ಒಂದು ಕಡೆ ಸಣ್ಣ ಏರು ಕಂಡರೆ ಬಿರುಕು ಇರಬಹುದು ಅನ್ನಬಹುದು, ಅದರ ಸಂಖ್ಯೆಯನ್ನು ಮಾತ್ರ ನಂಬಬೇಡಿ. ಮಾಲೂರು, ಚಿಂತಾಮಣಿ ಕಡೆಯ ಸಾವಿರ ಅಡಿ ಬೋರಿಗೆ ಬರೀ ಇಂಡಕ್ಷನ್ ಟೂಲ್ ಹಿಡಿದು ಹೋಗುವುದು ದುಡ್ಡು ದಂಡ.

ಕರಾವಳಿ ಹಾಗಲ್ಲ. ಉಡುಪಿ, ಮಂಗಳೂರು ಕಡೆ ಅಳಿವೆಗಳ ಪಕ್ಕದ ಮರಳು-ಜೇಡಿ ಪದರಗಳಲ್ಲಿ ಸಮುದ್ರದ ನೀರು ಬಾವಿಗಳಿಗೆ ನುಗ್ಗುವುದು ಹೊಸ ವಿಷಯವಲ್ಲ. ಸಿಹಿನೀರು ಎಲ್ಲಿ ಮುಗಿದು ಉಪ್ಪುನೀರು ಎಲ್ಲಿ ಶುರು ಅಂತ ನೋಡಲು ಇಂಡಕ್ಷನ್‌ಗಿಂತ ಸಲೀಸಾದ ಟೂಲ್ ನನಗೆ ಗೊತ್ತಿಲ್ಲ. ಅಮೆರಿಕದ ಭೂವಿಜ್ಞಾನ ಸರ್ವೆಯವರು ದಕ್ಷಿಣ ಫ್ಲೋರಿಡಾದಲ್ಲಿ ಇದನ್ನೇ ಮಾಡುತ್ತಾರೆ. ಮಯಾಮಿ ಸುತ್ತಮುತ್ತ ಪಿವಿಸಿ ಪೈಪಿನ ಬಾವಿಗಳಿವೆ, ಅದೇ ಬಾವಿಯಲ್ಲಿ ಮತ್ತೆ ಮತ್ತೆ ಲಾಗ್ ಮಾಡಿ ಒಂದರ ಮೇಲೊಂದು ಇಟ್ಟು ಉಪ್ಪುನೀರು ಎಷ್ಟು ಮೇಲೆ ಬಂತು ಅಂತ ನೋಡುತ್ತಾರೆ. ಕಲ್ಲು ಬದಲಾಗಿಲ್ಲ, ಪೈಪು ಬದಲಾಗಿಲ್ಲ, ಹಾಗಾಗಿ ಗ್ರಾಫ್ ಬದಲಾದರೆ ಅದು ನೀರಿನದ್ದೇ.

ಇಳಿಸುವ ಕೆಲಸ

ಮೊದಲು ಬೋರಿನ ಜಾತಕ ಕೇಳಿ. ಎಷ್ಟು ಆಳ, ಎಷ್ಟು ಇಂಚು, ಕೇಸಿಂಗ್ ಎಲ್ಲಿಯವರೆಗೆ ಮತ್ತು ಯಾವುದರದ್ದು, ನೀರು ಎಷ್ಟು ಅಡಿಗೆ ನಿಂತಿದೆ. ಮೋಟರ್ ಒಳಗಿದ್ದರೆ ತೆಗೆಸಿ. ಪೈಪು, ಕೇಬಲ್, ಹಗ್ಗ ಎಲ್ಲ ಮೇಲೆ ಬರಲಿ. ಹಿಂದೆ ಯಾವಾಗಲಾದರೂ ಮೋಟರ್ ಕಳಚಿ ಒಳಗೇ ಬಿದ್ದಿದೆಯಾ ಅಂತ ಎರಡು ಸಲ ಕೇಳಿ, ಮೊದಲನೇ ಸಲ ಯಾರೂ ಹೇಳಲ್ಲ. ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಕಿದ ಬಾವಿಯಲ್ಲಿ ಆ ಜಾಲರಿ ಇರುವಷ್ಟು ಭಾಗ ಲೆಕ್ಕಕ್ಕಿಲ್ಲ.

ನಿಜವಾದ ಟೂಲ್ ಇಳಿಸುವ ಮುಂಚೆ ಅದೇ ಉದ್ದ, ಅದೇ ದಪ್ಪದ ಡಮ್ಮಿಯೊಂದನ್ನು ತಳದವರೆಗೆ ಇಳಿಸಿ ಎತ್ತಿ. ಬೋರು ಎಲ್ಲಾದರೂ ಕುಸಿದಿದ್ದರೆ ಡಮ್ಮಿ ಸಿಕ್ಕಿಹಾಕಿಕೊಳ್ಳಲಿ, ಲಕ್ಷಗಟ್ಟಲೆ ಬೆಲೆಯ ಟೂಲ್ ಬೇಡ.

ನೀರಿನ ಬಾವಿಗಳಲ್ಲಿ ಬಳಸುವ ಸಣ್ಣ ಇಂಡಕ್ಷನ್ ಟೂಲ್‌ಗಳಲ್ಲಿ ಹೆಸರುವಾಸಿ ಜಿಯೋನಿಕ್ಸ್ ಕಂಪನಿಯ ಇಎಂ39. 36 ಮಿಲಿಮೀಟರ್ ದಪ್ಪ, ಕಾಯಿಲ್‌ಗಳ ನಡುವೆ 50 ಸೆಂಟಿಮೀಟರ್, ಫ್ರೀಕ್ವೆನ್ಸಿ 39.2 ಕಿಲೋಹರ್ಟ್ಸ್. ಅದು ಜಾಸ್ತಿ ಕಿವಿಗೊಡುವುದು ಬೋರಿನ ಮಧ್ಯದಿಂದ ಸುಮಾರು 28 ಸೆಂಟಿಮೀಟರ್ ದೂರದ ಕಲ್ಲಿಗೆ. ಆರೂವರೆ ಇಂಚಿನ ಬೋರಿನ ಅರ್ಧ ಅಗಲ 8 ಸೆಂಟಿಮೀಟರ್ ಚಿಲ್ಲರೆ ಅಷ್ಟೇ, ಹಾಗಾಗಿ ಒಳಗಿನ ಸಿಹಿನೀರು ಅದಕ್ಕೆ ಹೆಚ್ಚುಕಡಿಮೆ ಕಾಣುವುದಿಲ್ಲ. ಬೇರೆ ಕಂಪನಿ ಟೂಲ್ ಆದರೆ ಈ ಅಂಕಿಗಳನ್ನು ಅದರ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ, ಇವು ಗೊತ್ತಿಲ್ಲದೆ ಮುಂದೆ ಹೋಗಬೇಡಿ.

ಸೊನ್ನೆ ಕೂರಿಸುವುದು ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ. ಟೂಲ್ ಆನ್ ಮಾಡಿ ಅರ್ಧ ಗಂಟೆಯಾದರೂ ಬಿಡಿ. ಬಿಸಿಲಿನಲ್ಲಿ ಜೀಪಿನ ಬಾನೆಟ್ ಮೇಲೆ ಇಟ್ಟಿದ್ದನ್ನು ತಂದು ನೇರವಾಗಿ ತಣ್ಣಗಿನ ನೀರಿಗೆ ಇಳಿಸಿದರೆ ಒಳಗಿನ ಸರ್ಕ್ಯೂಟ್ ತಣಿಯುವವರೆಗೂ ಸೊನ್ನೆ ಜಾರುತ್ತಲೇ ಇರುತ್ತದೆ, ಆಮೇಲೆ ಆ ಜಾರಿಕೆಯನ್ನೇ ಕಲ್ಲಿನ ಬದಲಾವಣೆ ಅಂತ ರಿಪೋರ್ಟ್ ಬರೆದುಬಿಡುತ್ತೀರಿ. ನೀರಿನ ಮಟ್ಟದ ಕೆಳಗೆ ಸ್ವಲ್ಪ ಹೊತ್ತು ನೇತುಹಾಕಿ ತಣಿಯಲು ಬಿಡಿ, ಮೇಲೆತ್ತಿ, ಆಮೇಲೆ ಸೊನ್ನೆ ನೋಡಿ. ಸೊನ್ನೆ ನೋಡುವಾಗ ಟೂಲ್ ನೆಲದಿಂದ ಆದಷ್ಟು ಎತ್ತರದಲ್ಲಿ ಗಾಳಿಯಲ್ಲಿರಬೇಕು, ನೆಲವೂ ಒಂದು ಕಂಡಕ್ಟರ್ ತಾನೇ. ಮರದ ಅಥವಾ ಪ್ಲಾಸ್ಟಿಕ್ ಕವಲಿನ ಮೇಲಿಡಿ. ಜೀಪು, ಜನರೇಟರ್, ತಂತಿ ಬೇಲಿ, ಟ್ರೈಪಾಡ್ ಎಲ್ಲ ದೂರ. ಜೇಬಿನ ಮೊಬೈಲ್ ಕೂಡ. ಆಮೇಲೆ ಟೂಲ್ ಜೊತೆ ಕೊಟ್ಟಿರುವ ಕ್ಯಾಲಿಬ್ರೇಷನ್ ಕಾಯಿಲ್ ತೊಡಿಸಿ, ಅದರ ಮೇಲೆ ಬರೆದಿರುವ ಸಂಖ್ಯೆಯೇ ಪರದೆ ಮೇಲೆ ಬರುತ್ತಾ ನೋಡಿ. ಎರಡನ್ನೂ ಬರೆದಿಟ್ಟುಕೊಳ್ಳಿ. ಲಾಗ್ ಮುಗಿದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಬೇಕು. ಹೆಚ್ಚಿನವರು ಮಾಡಲ್ಲ, ಕತ್ತಲಾಗುತ್ತಿರುತ್ತದೆ, ಹಸಿವಾಗಿರುತ್ತದೆ. ಆದರೆ ಮೊದಲಿನ ಸೊನ್ನೆಗೂ ಕೊನೆಯ ಸೊನ್ನೆಗೂ ಇರುವ ವ್ಯತ್ಯಾಸವೇ ನಿಮ್ಮ ಲಾಗ್ ಅನ್ನು ಎಷ್ಟು ನಂಬಬಹುದು ಅಂತ ಹೇಳುವ ಸಂಖ್ಯೆ.

ಆಳದ ಸೊನ್ನೆ ಎಲ್ಲಿಂದ? ನೆಲದಿಂದಲೋ, ಕೇಸಿಂಗ್ ಬಾಯಿಂದಲೋ, ಒಂದನ್ನು ಹಿಡಿದು ಬರೆಯಿರಿ. ಟೂಲ್ ಅಳೆಯುವ ಬಿಂದು ಅದರ ತುದಿಯಲ್ಲಿ ಇರುವುದಿಲ್ಲ, ಕಾಯಿಲ್‌ಗಳ ನಡುವೆ ಇರುತ್ತದೆ, ಆ ಅಂತರವನ್ನೂ ಸೇರಿಸಿ. ಇಳಿಸುವಾಗ ಒಂದು ಸಲ ಓದಿಕೊಳ್ಳಿ, ಮುಖ್ಯ ಲಾಗ್ ಮಾತ್ರ ಎತ್ತುವಾಗ. ಎತ್ತುವಾಗ ಕೇಬಲ್ ಬಿಗಿಯಾಗಿರುತ್ತದೆ, ಆಳ ಸರಿ ಬರುತ್ತದೆ. ನಿಮಿಷಕ್ಕೆ 3ರಿಂದ 5 ಮೀಟರ್ ವೇಗ, ಪ್ರತಿ 5 ಅಥವಾ 10 ಸೆಂಟಿಮೀಟರ್‌ಗೆ ಒಂದು ಓದು. ಗ್ರಾಫ್‌ನಲ್ಲಿ ಏನಾದರೂ ವಿಶೇಷ ಕಂಡ ಕಡೆ 20 ಮೀಟರ್‌ನಷ್ಟು ಭಾಗವನ್ನು ಮತ್ತೊಮ್ಮೆ ಓಡಿಸಿ. ಎರಡು ಗೆರೆ ಒಂದರ ಮೇಲೊಂದು ಕೂರದಿದ್ದರೆ ಮನೆಗೆ ಹೋಗುವ ಮಾತೇ ಇಲ್ಲ.

ಜೊತೆಗೆ ಕಲ್ಲಿನಿಂದ ತಾನಾಗಿ ಬರುವ ಗಾಮಾ ವಿಕಿರಣವನ್ನು ಅಳೆಯುವ ಗಾಮಾ ಲಾಗ್ ಮತ್ತು ಬೋರಿನ ಅಗಲ ಅಳೆಯುವ ಕ್ಯಾಲಿಪರ್ ಎರಡನ್ನೂ ಮಾಡಿ. ಅವಿಲ್ಲದೆ ಇಂಡಕ್ಷನ್ ಒಂದನ್ನೇ ಓದುವುದು ಕಷ್ಟ. ಗಾಮಾ ಯಾಕೆ ಅಂತ ಮುಂದೆ ಬರುತ್ತದೆ.

ಬಂದ ಸಂಖ್ಯೆಯನ್ನು ಓದುವುದು

ಅಲೆ ಕಲ್ಲಿನೊಳಗೆ ಎಷ್ಟು ದೂರ ಹೋಗಿ ಬಲ ಕಳೆದುಕೊಳ್ಳುತ್ತದೆ ಅನ್ನುವುದಕ್ಕೆ ಸ್ಕಿನ್ ಡೆಪ್ತ್ ಅನ್ನುತ್ತಾರೆ. ಈ ಒಂದು ಸೂತ್ರ ನೆನಪಿದ್ದರೆ ಇಡೀ ವಿಷಯ ಕೈಗೆ ಸಿಗುತ್ತದೆ: ರೆಸಿಸ್ಟಿವಿಟಿಯನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿ, ವರ್ಗಮೂಲ ತೆಗೆದು, 503ರಿಂದ ಗುಣಿಸಿ. ಉತ್ತರ ಮೀಟರ್‌ನಲ್ಲಿ. 39.2 ಕಿಲೋಹರ್ಟ್ಸ್‌ನಲ್ಲಿ 10 ಓಮ್-ಮೀಟರ್ ಜೇಡಿಗೆ ಇದು 8 ಮೀಟರ್. ಕಾಯಿಲ್‌ಗಳ ಅಂತರ ಅರ್ಧ ಮೀಟರ್ ಮಾತ್ರ, ಹಾಗಾಗಿ ಸಮಸ್ಯೆಯಿಲ್ಲ, ಪರದೆ ಮೇಲೆ ಬಂದದ್ದು ಬಹುತೇಕ ನಿಜ. ಆದರೆ ಉಪ್ಪುನೀರು ತುಂಬಿದ ಮರಳು 1 ಓಮ್-ಮೀಟರ್‌ಗೆ ಇಳಿದರೆ ಸ್ಕಿನ್ ಡೆಪ್ತ್ ಎರಡೂವರೆ ಮೀಟರ್ ಆಗುತ್ತದೆ. ಆಗ ಟೂಲ್ ತೋರಿಸುವ ಕಂಡಕ್ಟಿವಿಟಿ ನಿಜಕ್ಕಿಂತ ಕಡಿಮೆ. ಬರೀ ಎರಡು ಕಾಯಿಲ್‌ನ ಟೂಲ್‌ಗೆ ಸರಳ ಲೆಕ್ಕ ಹಾಕಿದರೆ ಸುಮಾರು ಶೇ. 13ರಷ್ಟು ಕಡಿಮೆ. ಕರಾವಳಿಯಲ್ಲಿ ಕೆಲಸ ಮಾಡುವವರು ಈ ತಿದ್ದುಪಡಿ ಮರೆಯಬಾರದು.

ಇನ್ನು ಸಂಖ್ಯೆಯ ಅರ್ಥ. ರೆಸಿಸ್ಟಿವಿಟಿ ಕಡಿಮೆ ಬಂತು ಅಂದ ಕೂಡಲೇ ನೀರು ಅನ್ನುವವರು ಬಹಳ. ಅಲ್ಲ ಸ್ವಾಮಿ. ಜೇಡಿಯೂ ಕಡಿಮೆ ತೋರಿಸುತ್ತದೆ, ಅದರಿಂದ ಒಂದು ಕೊಡ ನೀರೂ ಸಿಗಲ್ಲ. ಗಾಮಾ ಬೇಕಾಗುವುದು ಇಲ್ಲೇ: ಸಾಮಾನ್ಯವಾಗಿ ಜೇಡಿಯಲ್ಲಿ ಗಾಮಾ ಏರುತ್ತದೆ, ಸ್ವಚ್ಛ ಮರಳಿನಲ್ಲಿ ಇಳಿಯುತ್ತದೆ. ಇಂಡಕ್ಷನ್ (ಅಂದರೆ ಅದು ಓದುವ ಕಂಡಕ್ಟಿವಿಟಿ) ಏರಿ ಗಾಮಾನೂ ಏರಿದರೆ ಜೇಡಿ ಅನ್ನಿ. ಇಂಡಕ್ಷನ್ ಮಾತ್ರ ಏರಿದರೆ ನೀರು ಉಪ್ಪಾಗಿದೆ ಅಂತ ಅನುಮಾನ ಪಡಿ. ಧಾರವಾಡ ಶಿಸ್ಟ್ ಪಟ್ಟಿಯ ಕಲ್ಲಿನಲ್ಲಿ ಇನ್ನೊಂದು ಮೋಸವಿದೆ, ಗ್ರಾಫೈಟ್ ಮತ್ತು ಸಲ್ಫೈಡ್ ಪದರಗಳು ಒಣಗಿದ್ದರೂ ಕರೆಂಟ್ ಹರಿಸುತ್ತವೆ. ಸಂಡೂರು, ಬಾಬಾಬುಡನ್‌ಗಿರಿಯಂಥ ಕಬ್ಬಿಣದ ಅದಿರಿನ ಜಾಗದಲ್ಲಿ ಮ್ಯಾಗ್ನೆಟೈಟ್ ಇದ್ದರೆ ಅದು ಟೂಲ್‌ನ ಇನ್-ಫೇಸ್ ಭಾಗವನ್ನು, ಅಂದರೆ ಫೇಸ್ ಸರಿಯದ ಸಿಗ್ನಲ್ಲನ್ನು, ಎಳೆದಾಡುತ್ತದೆ. ಟೂಲ್ ಆ ಭಾಗವನ್ನೂ ರೆಕಾರ್ಡ್ ಮಾಡುವಂತಿದ್ದರೆ ಎಸೆಯಬೇಡಿ, ಅದಿರು ಹುಡುಕುವವರಿಗೆ ಅದೇ ಬೇಕು.

ನೀರಿನ ಸ್ಯಾಂಪಲ್ ತೆಗೆದು ಕಂಡಕ್ಟಿವಿಟಿ ಮೀಟರ್‌ನಲ್ಲಿ ಅಳೆದರೆ ಲೆಕ್ಕ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1000 ಮೈಕ್ರೋಸೀಮನ್ಸ್ ಪ್ರತಿ ಸೆಂಟಿಮೀಟರ್ ಅಂದರೆ 10 ಓಮ್-ಮೀಟರ್ ನೀರು. ಸಮುದ್ರದ ನೀರು ಸುಮಾರು 0.2. ಶೆಲ್ ಕಂಪನಿಯ ಆರ್ಚಿ 1942ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಜೇಡಿಯಿಲ್ಲದ ಮರಳುಗಲ್ಲಿನ ರೆಸಿಸ್ಟಿವಿಟಿ ಅಂದರೆ ಒಳಗಿನ ನೀರಿನ ರೆಸಿಸ್ಟಿವಿಟಿಯನ್ನು ರಂಧ್ರಗಳ ಪ್ರಮಾಣದ ವರ್ಗದಿಂದ ಭಾಗಿಸಿದಷ್ಟು. ವರ್ಗ ಅನ್ನುವುದು ಅಂದಾಜು, ಕಲ್ಲಿಗೆ ತಕ್ಕಂತೆ ಬದಲಾಗುತ್ತದೆ. ಎಣ್ಣೆ ಬಾವಿಯ ಉದಾಹರಣೆ ತೆಗೆದುಕೊಳ್ಳಿ: ನೀರು 0.1 ಓಮ್-ಮೀಟರ್, ರಂಧ್ರ ಶೇ. 20. ಪೂರ್ತಿ ನೀರೇ ತುಂಬಿದ್ದರೆ ಕಲ್ಲು 2.5 ಓಮ್-ಮೀಟರ್ ತೋರಿಸಬೇಕು. ಲಾಗ್ 40 ಅಂತ ತೋರಿಸಿದರೆ? 2.5ನ್ನು 40ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, 0.25 ಬರುತ್ತದೆ. ರಂಧ್ರದಲ್ಲಿ ಕಾಲು ಭಾಗ ನೀರು, ಉಳಿದದ್ದು ಎಣ್ಣೆ ಅಥವಾ ಗ್ಯಾಸ್. ಎಣ್ಣೆ ಕಂಪನಿಗಳು ಈ ಲಾಗ್‌ಗೆ ಇಷ್ಟು ದುಡ್ಡು ಸುರಿಯುವುದು ಈ ಒಂದು ಭಾಗಾಕಾರಕ್ಕಾಗಿ. ನೈಸ್, ಗ್ರಾನೈಟ್‌ಗೆ ಮಾತ್ರ ಈ ಸೂತ್ರವನ್ನು ಹೀಗೇ ಸುಮ್ನೆ ಅಂಟಿಸಬೇಡಿ, ಅಲ್ಲಿ ನೀರಿರುವುದು ಬಿರುಕಿನಲ್ಲಿ, ರಂಧ್ರದಲ್ಲಲ್ಲ.

ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೀರು ಬಿಸಿಯಾದಷ್ಟೂ ರೆಸಿಸ್ಟಿವಿಟಿ ಇಳಿಯುತ್ತದೆ. ಸ್ಯಾಂಪಲ್ ಅಳೆದಾಗಿನ ಸೆಲ್ಸಿಯಸ್‌ಗೆ 21.5 ಕೂಡಿಸಿ, ಆಳದ ಸೆಲ್ಸಿಯಸ್‌ಗೆ 21.5 ಕೂಡಿಸಿದ್ದರಿಂದ ಭಾಗಿಸಿ, ಸ್ಯಾಂಪಲ್‌ನ ರೆಸಿಸ್ಟಿವಿಟಿಗೆ ಗುಣಿಸಿ. ಆಯ್ತು.

ಮೆಗಾಹರ್ಟ್ಸ್‌ಗೆ ಹೋದರೆ

ಎಣ್ಣೆ ಬಾವಿಯಲ್ಲಿ ಕೊರೆಯುತ್ತಿರುವಾಗಲೇ ಅಳೆಯಬೇಕಾದರೆ ಟೂಲ್ ದಪ್ಪ ಸ್ಟೀಲ್ ಪೈಪಿನ ಮೇಲೆಯೇ ಕೂರಬೇಕು. ಅಲ್ಲಿ 20 ಕಿಲೋಹರ್ಟ್ಸ್‌ನ ಹಳೆ ವಿಧಾನ ಒಗ್ಗುವುದಿಲ್ಲ. 1980ರ ದಶಕದಿಂದ ಅದಕ್ಕೆ 2 ಮೆಗಾಹರ್ಟ್ಸ್ ಬಳಸುತ್ತಾರೆ, ಜೊತೆಗೆ 400 ಕಿಲೋಹರ್ಟ್ಸ್ ಕೂಡ. ಇಲ್ಲಿ ಸಿಗ್ನಲ್ ಎಷ್ಟು ಅಂತ ನೋಡುವುದಿಲ್ಲ. ಎರಡು ರಿಸೀವರ್ ಇರುತ್ತವೆ, ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅಲೆಯ ಫೇಸ್ ಎಷ್ಟು ಸರಿಯಿತು, ಬಲ ಎಷ್ಟು ಕುಗ್ಗಿತು ಅಂತ ಎರಡನ್ನೂ ಅಳೆಯುತ್ತಾರೆ. 1 ಓಮ್-ಮೀಟರ್ ಕಲ್ಲಿನಲ್ಲಿ 2 ಮೆಗಾಹರ್ಟ್ಸ್‌ನ ಸ್ಕಿನ್ ಡೆಪ್ತ್ 36 ಸೆಂಟಿಮೀಟರ್. ನೇರ ಅಲೆ ಅಂತ ಸರಳ ಲೆಕ್ಕ ಹಾಕಿದರೆ 15 ಸೆಂಟಿಮೀಟರ್ ಅಂತರಕ್ಕೆ 24 ಡಿಗ್ರಿ ಫೇಸ್ ಸರಿಯುತ್ತದೆ. 100 ಓಮ್-ಮೀಟರ್ ಆದರೆ ಅದರ ಹತ್ತನೇ ಒಂದು ಪಾಲೂ ಇರಲ್ಲ, ಅಳೆಯುವುದೇ ಕಷ್ಟ. ಫೇಸ್‌ನಿಂದ ಬಂದ ರೆಸಿಸ್ಟಿವಿಟಿ ಬಾವಿಯ ಹತ್ತಿರದ ಕಲ್ಲನ್ನು ಹೇಳುತ್ತದೆ, ಬಲ ಕುಗ್ಗಿದ್ದರಿಂದ ಬಂದದ್ದು ಇನ್ನೂ ದೂರದ್ದನ್ನು. ಎರಡೂ ಬೇರೆ ಬೇರೆ ಬಂದರೆ ಟೂಲ್ ಕೆಟ್ಟಿದೆ ಅಂತ ಹೆದರಬೇಡಿ, ಮಡ್ ಕಲ್ಲಿನೊಳಗೆ ನುಗ್ಗಿರಬಹುದು. ಅಡ್ಡಡ್ಡ ಕೊರೆದ ಬಾವಿಯಲ್ಲಿ ಪದರ ಬದಲಾಗುವ ಕಡೆ ಕೊಂಬಿನಂಥ ಚೂಪು ಏರು ಬರುತ್ತದೆ. ಅದು ಕಲ್ಲಿನ ರೆಸಿಸ್ಟಿವಿಟಿ ಅಲ್ಲ, ಗಡಿ ದಾಟಿದ ಗುರುತು.

ಗಟ್ಟಿ ಬಂಡೆಗೆ ಅಲೆಯೇ ಬೇಕು ಅಂದರೆ ಎರಡು ಬೋರು ಬೇಕು. ಒಂದರಲ್ಲಿ ಆಂಟೆನಾ ಇಟ್ಟು ಕೆಲವು ನೂರು ಕಿಲೋಹರ್ಟ್ಸ್ ಅಲೆ ಬಿಡಿ, ಇನ್ನೊಂದರಲ್ಲಿ ರಿಸೀವರ್ ಮೇಲೆ ಕೆಳಗೆ ಓಡಾಡಲಿ. ಟ್ರಾನ್ಸ್‌ಮಿಟರ್ ಸ್ವಲ್ಪ ಇಳಿಸಿ, ಮತ್ತೆ ರಿಸೀವರ್ ಓಡಿಸಿ. ದೂರಕ್ಕೆ ತಕ್ಕಂತೆ ಅಲೆ ಹರಡಿ ಕುಗ್ಗುವ ಭಾಗ ಮತ್ತು ಆಂಟೆನಾದ ಕೋನದ ಪರಿಣಾಮವನ್ನು ಕಳೆದ ಮೇಲೆ ಉಳಿದದ್ದು ಕಲ್ಲು ನುಂಗಿದ್ದು. 500 ಕಿಲೋಹರ್ಟ್ಸ್‌ನಲ್ಲಿ ಪ್ರತಿ 20 ಮೀಟರ್‌ಗೆ 8.7 ಡೆಸಿಬೆಲ್ ನುಂಗಿದರೆ ಸ್ಕಿನ್ ಡೆಪ್ತ್ 20 ಮೀಟರ್, ಅದೇ 503ರ ಸೂತ್ರವನ್ನು ತಿರುಗಿಸಿದರೆ ಸುಮಾರು 790 ಓಮ್-ಮೀಟರ್. ಇಂಡಕ್ಷನ್ ಟೂಲ್ ಕೈಚೆಲ್ಲುವ ಸಂಖ್ಯೆ ಇದು. ಅದಿರು ಗಣಿಗಳಲ್ಲಿ, ಕಲ್ಲಿದ್ದಲು ಗಣಿಗಳಲ್ಲಿ ಈ ರೇಡಿಯೋ ಚಿತ್ರಣ ಬಳಕೆಯಲ್ಲಿದೆ. ಕೆಲವು ಮೆಗಾಹರ್ಟ್ಸ್ ದಾಟಿದರೆ ಗಟ್ಟಿ ಬಂಡೆಯಲ್ಲಿ ಡೈಎಲೆಕ್ಟ್ರಿಕ್ ಗುಣವೂ (ಕರೆಂಟ್ ಹರಿಸದೆ ಕೆಪಾಸಿಟರ್‌ನಂತೆ ವರ್ತಿಸುವ ಗುಣ) ಸೇರಿಕೊಳ್ಳುತ್ತದೆ, ಆಗ ಈ ಸರಳ ಸೂತ್ರ ನಡೆಯಲ್ಲ. ಸ್ವೀಡನ್‌ನ ಸ್ಟ್ರಿಪಾ ಗಣಿಯ ಗ್ರಾನೈಟ್‌ನಲ್ಲಿ 1980ರ ದಶಕದಲ್ಲಿ 22 ಮತ್ತು 60 ಮೆಗಾಹರ್ಟ್ಸ್‌ನ ಬೋರ್‌ಹೋಲ್ ರೇಡಾರ್ ಬೆಳೆಸಿದರು. ಅದು ಹುಡುಕುವುದು ಬಿರುಕುಗಳಿಂದ ಪ್ರತಿಫಲಿಸಿದ ಅಲೆಯನ್ನು, ಅದರ ಕಥೆ ಬೇರೆ.

ಕೊನೆಗೆ ಫೈಲ್. ಬಾವಿ ಲಾಗ್‌ಗಳಿಗೆಂದೇ ಇರುವ ಲ್ಯಾಸ್ ಫಾರ್ಮ್ಯಾಟ್‌ನಲ್ಲಿ ಉಳಿಸಿ, ಹೆಚ್ಚಿನ ಲಾಗಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತದೆ. ರೆಸಿಸ್ಟಿವಿಟಿ ಒಂದನ್ನೇ ಕೊಡಬೇಡಿ, ಟೂಲ್ ಓದಿದ ಕಂಡಕ್ಟಿವಿಟಿಯನ್ನು ತಿದ್ದದೆ ಒಂದು ಕಾಲಂನಲ್ಲಿ ಇಡಿ, ತಿದ್ದಿದ್ದನ್ನು ಪಕ್ಕದಲ್ಲಿ. ಸೊನ್ನೆ ಜಾರಿ ನೆಗೆಟಿವ್ ಬಂದ ಕಡೆ ಅದನ್ನು ಅಳಿಸಿ ಚೆಂದ ಮಾಡಬೇಡಿ, ಹಾಗೇ ಬಿಡಿ. ಹೆಡರ್‌ನಲ್ಲಿ ಆಳದ ಸೊನ್ನೆ ಎಲ್ಲಿಂದ, ಕೇಸಿಂಗ್ ಯಾವುದು, ಎಷ್ಟು ಆಳಕ್ಕೆ, ನೀರಿನ ಮಟ್ಟ, ನೀರಿನ ಕಂಡಕ್ಟಿವಿಟಿ ಮತ್ತು ಅದನ್ನು ಅಳೆದಾಗಿನ ಬಿಸಿ, ಟೂಲ್‌ನ ಸೀರಿಯಲ್ ನಂಬರ್, ಮೊದಲಿನ ಮತ್ತು ಕೊನೆಯ ಸೊನ್ನೆ, ಇಷ್ಟು ಇರಲಿ. ಓದು ಸಿಗದ ಕಡೆ ಖಾಲಿ ಬಿಡದೆ ಮೈನಸ್ 999.25 ಹಾಕಿ, ಲಾಗಿಂಗ್‌ನವರಿಗೆಲ್ಲ ಅದು ಗೊತ್ತಿರುವ ಗುರುತು.